ಕೋಟಿ ಜನ ನೋಡಿದ ಪುಟ

ಹಲ್ಲಿನ ವಿಭಾಗದ ಚೀಟಿಗೆಂದು ಮೊಬೈಲಿನಲ್ಲಿ ಆಸ್ಪತ್ರೆಯ ಪುಟ ತೆರೆದು ಗುಂಡಿ ಒತ್ತಿದ ಐವತ್ಮೂರರ ಗಂಡಸೊಬ್ಬ, ಮರುದಿನ ಬೆಳಿಗ್ಗೆ ಊದಿದ ಕೆನ್ನೆ ಹಿಡಿದುಕೊಂಡು ಹೆರಿಗೆ ವಿಭಾಗದ ಬೆಂಚಿನ ಮೇಲೆ ಕೂತಿದ್ದ. ಪುಟ ಮೊದಲು ಅರ್ಧವೇ ತೆರೆದಿತ್ತು. ಉಳಿದರ್ಧ ತಡವಾಗಿ ಬಂದು ಗುಂಡಿಗಳನ್ನೆಲ್ಲ ಒಂದು ಮೆಟ್ಟಿಲು ಕೆಳಕ್ಕೆ ತಳ್ಳಿದ್ದು ಅವನ ಹೆಬ್ಬೆರಳಿಗೆ ತಿಳಿಯಲಿಲ್ಲ. "ಎಷ್ಟನೇ ತಿಂಗಳು ಯಜಮಾನ್ರೇ?" ಎಂದು ನರ್ಸು ಕೇಳಿದಾಗ ಸಾಲಿನಲ್ಲಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗಂಡಸು ಯಾರೆಂದು ಮುಚ್ಚಿಟ್ಟು ಪ್ರಯೋಜನವಿಲ್ಲ, ಈ ಸಾಲುಗಳನ್ನು ಬರೆಯುತ್ತಿರುವವನೇ. ದೂರು ಕೊಡಲು ಅವನನ್ನು ಮೂರನೇ ಮಹಡಿಯ ಮೂಲೆಯ ಕೋಣೆಗೆ ಅಟ್ಟಿದರು. ಹೊರಗೆ ತಲೆ ಸಿಡಿಯುವ ಬಿಸಿಲು. ಒಳಗೆ ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿಕೊಂಡು ಒಬ್ಬಾಕೆ ಕೂತಿದ್ದಳು. ಇನ್ನು ಆ ಹಲ್ಲಿನ ವಿಷಯ ಬಿಡಿ, ಕತೆ ಆಕೆಯದು.

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕೆ ಸ್ವೆಟರ್ ಅಕ್ಕ. ಹಿಂದೆ ಹಾಸಿಗೆ ಬಟ್ಟೆ ಒಟ್ಟುತ್ತಿದ್ದ ಆ ಕೋಣೆಯಲ್ಲಿ ಈಗ ಸರ್ವರ್ ಇತ್ತು. ಚೀಟಿ, ವರದಿ, ಔಷಧಿಯ ಪಟ್ಟಿ ಎಲ್ಲವೂ ಹೊರಡುವುದು ಆ ಕಪ್ಪು ಪೆಟ್ಟಿಗೆಯಿಂದಲೇ. ಅದಕ್ಕೆ ಸೆಕೆ ಆಗಬಾರದೆಂದು ವರ್ಷವಿಡೀ ಎಸಿ. ಅಕ್ಕನಿಗೆ ಶೀತವಾದರೆ ಅದು ಅಕ್ಕನ ಸ್ವಂತ ವಿಷಯ. ಹನ್ನೆರಡು ವರ್ಷದಿಂದ ಪೆಟ್ಟಿಗೆಯ ಯೋಗಕ್ಷೇಮ ಆಕೆಯದು, ವರ್ಷ ವರ್ಷವೂ ನವೀಕರಿಸಬೇಕಾದ ಗುತ್ತಿಗೆಯ ಮೇಲೆ. ಆ ಕಟ್ಟಡದಲ್ಲಿ ಮಂಚಗಳು ಕಾಯಂ, ಕೆಮ್ಮು ಕಾಯಂ, ಅಕ್ಕ ಮಾತ್ರ ತಾತ್ಕಾಲಿಕ.

ಸರ್ವರ್‌ಗೆ ಕಷ್ಟವಾದಾಗ ಅದು ಎಚ್ಚರಿಕೆ ಬರೆಯುತ್ತದೆ: ಉತ್ತರ ಕೊಡಲು ತಡವಾಗುತ್ತಿದೆ. ಮೊದಲೆಲ್ಲ ದಿನಕ್ಕೆ ಹತ್ತೋ ಹನ್ನೆರಡೋ ಬರುತ್ತಿದ್ದವು. ಮೂರು ತಿಂಗಳಲ್ಲಿ ಏರುತ್ತ ಏರುತ್ತ ನಾಲ್ಕು ಸಾವಿರ ಮುಟ್ಟಿದವು. ಗಂಡನ ಶಾಲಾ ವ್ಯಾನು ಗ್ಯಾರೇಜು ಸೇರಿ ಎರಡು ತಿಂಗಳಾಗಿತ್ತು. ಮನೆ ನಡೆಯುತ್ತಿದ್ದದ್ದು ಅಕ್ಕನ ಸಂಬಳದಿಂದ. ಆದರೂ ಅತ್ತೆಯ ನಾಲಿಗೆಗೆ ರಜೆ ಇರಲಿಲ್ಲ. "ದಿನಾ ನಾಲ್ಕು ಸಾವಿರ ಸಲ ಬೈಸ್ಕೊಂಡು ಬರ್ತೀಯಲ್ಲೇ! ನಾನು ನಿನ್ನ ಬೈದಿದ್ದು ಇಪ್ಪತ್ತು ವರ್ಷದಲ್ಲಿ ಅದರ ಅರ್ಧ ಆಗಿರಲ್ಲ."

"ಅರ್ಧ ಅಂತ ಲೆಕ್ಕ ಕಡಿಮೆ ಹೇಳ್ತಿದೀರಿ ಅತ್ತೆ," ಎಂದಳು ಅಕ್ಕ.

ಒಂದು ಸೋಮವಾರ ಆಡಳಿತಾಧಿಕಾರಿ ಕರೆಸಿದರು. ಮೂರು ತಿಂಗಳ ಕೆಳಗೆ ಮುಂದೆ ನಿಂತು ಹೊಸ ಪುಟ ಮಾಡಿಸಿದವರು ಅವರೇ. ಮೇಲೆ ಅವರದೇ ಮುಖ ಸರಿದಾಡುವ ಪಟ್ಟಿ, ನಡುವೆ ಉದುರುವ ಹೂವು, ಕೆಳಗೆ ಪುಟವನ್ನು ಎಷ್ಟು ಜನ ನೋಡಿದರೆಂದು ತೋರಿಸುವ ಎಣಿಕೆ. ಎಣಿಕೆ ಕೋಟಿಯ ಹೊಸ್ತಿಲಿಗೆ ಬಂದಿತ್ತು. ಊರಿನ ಜನಸಂಖ್ಯೆಯೇ ನಾಲ್ಕು ಲಕ್ಷ. ಉಳಿದವರು ಎಲ್ಲಿಂದ ಬಂದರೆಂದು ಯಾರೂ ಕೇಳಲಿಲ್ಲ. ಹೊಗಳಿಕೆಯ ಲೆಕ್ಕವನ್ನು ತಾಳೆ ನೋಡುವವರು ಯಾರು?

"ಶುಕ್ರವಾರ ಕೋಟಿ ಸಮಾರಂಭ. ಆಸ್ಪತ್ರೆ ಮಂಡಳಿ ಅಧ್ಯಕ್ಷರೇ ಬಂದು ಎಲ್ಲರ ಮುಂದೆ ಮೊಬೈಲಲ್ಲಿ ಒಂದು ಚೀಟಿ ತೆಗೀತಾರೆ. ಅಷ್ಟರೊಳಗೆ ನಿಮ್ಮ ಎಚ್ಚರಿಕೆ ಸೊನ್ನೆ ಆಗಬೇಕು. ಇಲ್ಲಾಂದ್ರೆ ಈ ಸಲ ಗುತ್ತಿಗೆ ಕಾಗದಕ್ಕೆ ನಾನು ಸಹಿ ಹಾಕಲ್ಲಮ್ಮ."

"ಹೊಸ ಪುಟದಲ್ಲೇ ಏನೋ ಒಂದು ಕಾಟ ಕೊಡ್ತಿದೆ ಸಾರ್. ಅದು ಬಂದ ಮೇಲೇ ಶುರುವಾಗಿದ್ದು."

"ಆ ಪುಟ ನಾನೇ ನಿಂತು ಮಾಡಿಸಿದ್ದು!"

"ಹೌದು ಸಾರ್."

ಅವರು ಕುರ್ಚಿ ಮುಂದಕ್ಕೆಳೆದುಕೊಂಡರು. "ಎಚ್ಚರಿಕೆ ಬರೋದನ್ನೇ ನಿಲ್ಲಿಸೋ ಸ್ವಿಚ್ಚು ಇರತ್ತಂತಲ್ಲ?"

"ಇದೆ ಸಾರ್. ಹೊಗೆ ಬಂತು ಅಂತ ಮೂಗಿಗೆ ಹತ್ತಿ ಇಟ್ಕೊಂಡ ಹಾಗೆ. ಮನೆ ಪಾಡಿಗೆ ಮನೆ ಉರೀತಿರತ್ತೆ."

"ಏನಾದ್ರೂ ಮಾಡಿ. ಎಣಿಕೆ ಒಂದನ್ನ ಮುಟ್ಟಬೇಡಿ."

ಅಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಹೊರಟಳು. ಒಂದೊಂದನ್ನೇ ತೆಗೆಯುವುದು, ಎಚ್ಚರಿಕೆ ಇಳಿಯಿತೇ ಎಂದು ಕಾಯುವುದು. ಮಂಗಳವಾರ ಸರಿದಾಡುವ ಮುಖವನ್ನು ನಿಲ್ಲಿಸಿದಳು, ಇಳಿಯಲಿಲ್ಲ. ಬುಧವಾರ ಹೂವು ತೆಗೆದಳು. ಐದೇ ನಿಮಿಷಕ್ಕೆ ಫೋನು ಬಂತು.

"ಹೂವೆಲ್ಲಿ ಹೋಯ್ತಮ್ಮ?"

"ಬಾಡ್ತು ಸಾರ್."

ಎಚ್ಚರಿಕೆ ಮಾತ್ರ ಬಾಡಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ, ಅಕ್ಕ ಏನನ್ನೂ ಮುಟ್ಟದಿದ್ದರೂ, ಅದು ತಟ್ಟನೆ ನಿಂತುಹೋಯಿತು. ದಿನವೂ ಬೈಯುವ ಬಾಯಿ ಇದ್ದಕ್ಕಿದ್ದಂತೆ ಸುಮ್ಮನಾದರೆ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ. ಆಕೆ ಪೆಟ್ಟಿಗೆ ಮುಟ್ಟಿ ನೋಡಿದಳು. ಜೀವ ಇತ್ತು. ಕಟ್ಟಡದಲ್ಲಿ ಬೇರೆಲ್ಲೋ ಏನೋ ಆಗಿದೆ ಎಂದುಕೊಂಡು ಸ್ವೆಟರಿನಲ್ಲೇ ಮೆಟ್ಟಿಲಿಳಿದು ಓಡಿದಳು. ರೋಗಿಗಳು ಕಾಯುವ ಹಜಾರದಲ್ಲಿ ಕಸ ಗುಡಿಸುವಾಕೆ ಸ್ಟೂಲಿನ ಮೇಲೆ ನಿಂತು ಗೋಡೆಯ ಟೀವಿಯನ್ನು ಒರೆಸುತ್ತಿದ್ದಳು. ಸಾಲಾಗಿ ಹನ್ನೆರಡು ಟೀವಿ, ಹನ್ನೆರಡೂ ಕಪ್ಪಗೆ.

"ನೀನೇನೇ ಆಫ್ ಮಾಡಿದ್ದು?"

"ನಾಳೆ ಯಾರೋ ದೊಡ್ಡೋರು ಬರ್ತಾರಂತಲ್ಲ ಅಕ್ಕ, ಒರೆಸು ಅಂದ್ರು. ಶಾಕ್ ಹೊಡೆದ್ರೆ ನನ್ನ ಮಕ್ಕಳಿಗೆ ಯಾರು ಗತಿ? ಮೇನ್ ಸ್ವಿಚ್ಚೇ ತೆಗೆದೆ. ಯಾಕೆ, ಬೈತಾರಾ?"

"ಇಲ್ಲ ಮಾರಾಯ್ತಿ. ಇದರಲ್ಲೆಲ್ಲ ಏನು ಬರತ್ತೆ?"

"ಮೊದ್ಲು ಧಾರಾವಾಹಿ ಬರ್ತಿತ್ತು, ಜನ ಕಾದಿದ್ದೇ ಗೊತ್ತಾಗ್ತಿರ್ಲಿಲ್ಲ. ಮೂರು ತಿಂಗಳಿಂದ ಹಗಲೂ ರಾತ್ರಿ ನಿಮ್ಮ ಆಸ್ಪತ್ರೆ ಪುಟಾನೇ. ಸಾಹೇಬ್ರ ಮುಖ ನೋಡ್ಕೊಂಡು ಕೂತಿರ್ತಾವೆ, ಪಾಪ, ಮೊದಲೇ ಕಾಯಿಲೆ ಜನ."

ಟೀವಿ ಹಾಕಿದ್ದೇ ತಡ, ಮೇಲೆ ಎಚ್ಚರಿಕೆಗಳು ಮತ್ತೆ ಸುರಿಯತೊಡಗಿದವು. ಪುಟದಲ್ಲಿ ತೆಗೆದು ನೋಡದೆ ಉಳಿದಿದ್ದು ಎಣಿಕೆ ಒಂದೇ, ಅಕ್ಕ ಅದನ್ನು ನಡೆಸುವ ಕೋಡನ್ನು ಬಿಚ್ಚಿ ಓದಿದಳು. ತೆರೆದಿಟ್ಟ ಪ್ರತಿ ಪುಟದಿಂದಲೂ ಅದು ಹತ್ತು ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುತ್ತಿತ್ತು: ಈಗ ಎಷ್ಟಾಯಿತು? ಹಾಗೆ ಕೇಳಿದ್ದನ್ನೇ ಇನ್ನೊಬ್ಬರು ಬಂದರೆಂದು ಬರೆದುಕೊಳ್ಳುತ್ತಿತ್ತು. ಪಾಪದ ಸರ್ವರ್, ಕೇಳಿದಾಗಲೆಲ್ಲ ಒಂದರಿಂದ ಶುರುಮಾಡಿ ಕೊನೆಯವರೆಗೆ ಎಣಿಸಿ ಹೇಳಬೇಕು. ಸಾವಿರವಿದ್ದಾಗ ಸುಲಭ, ಕೋಟಿಯ ಹತ್ತಿರ ಬಂದಾಗ ಏದುಸಿರು. ಹನ್ನೆರಡು ಟೀವಿ ಗೋಡೆಗೆ ನೇತುಬಿದ್ದು ದಿನಕ್ಕೆ ಲಕ್ಷ ಸಲ ತಮ್ಮನ್ನು ತಾವೇ ನೋಡಿಕೊಳ್ಳುತ್ತಿದ್ದವು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದಕ್ಕೆ ಇಷ್ಟೊಂದು ಕೈಗಳನ್ನು ಇಟ್ಟುಕೊಂಡವರು ಕಡಿಮೆ.

ಮುಟ್ಟಬೇಡಿ ಎಂದದ್ದನ್ನು ಅಕ್ಕ ತೆಗೆದುಹಾಕಿದಳು. ಎಚ್ಚರಿಕೆ ಸೊನ್ನೆಗಿಳಿಯಿತು, ಪುಟ ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆಯಿತು. ಅಂದು ಮನೆಗೆ ಹೋಗುವಾಗ ಆಕೆಗೆ ಗುತ್ತಿಗೆ ಉಳಿಯುತ್ತದೆಂಬ ಭರವಸೆಯೇನೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಡಳಿತಾಧಿಕಾರಿ ಎರಡೆರಡು ಮೆಟ್ಟಿಲು ಹಾರಿ ಬಂದರು. "ಎಣಿಕೆ ಎಲ್ಲಮ್ಮ? ನನ್ನ ಕೋಟಿ ಎಲ್ಲಿ?"

ಅಕ್ಕ ಟೀವಿಗಳ ಕತೆಯನ್ನು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಅವರು ಗಡಿಯಾರ ನೋಡಿದರು.

"ಇವತ್ತೊಂದು ದಿನಕ್ಕೆ ವಾಪಸ್ ಹಾಕಿಬಿಡಿ."

"ಹಾಕ್ತೀನಿ ಸಾರ್. ಆದ್ರೆ ಅಧ್ಯಕ್ಷರು ಚೀಟಿ ತೆಗೀತಾರಲ್ಲ, ಆಗ ಪುಟ ತೆರೆಯಲ್ಲ. ಯಾಕಮ್ಮ ಅಂತ ಕೇಳಿದ್ರೆ ನಾನು ಇದನ್ನೇ ಹೇಳಬೇಕಾಗತ್ತೆ. ಬೇರೆ ಕಾರಣ ನನಗೆ ಗೊತ್ತಿಲ್ಲ." ಆಕೆ ಗುತ್ತಿಗೆ ಕಾಗದವನ್ನು ಮೇಜಿನ ಮೇಲೆ ಅವರತ್ತ ಸರಿಸಿದಳು. "ಎಚ್ಚರಿಕೆ ಸೊನ್ನೆ ಆಗಿದೆ. ನೀವು ಹೇಳಿದ್ದು ಅದೇ."

ಕೆಳಗೆ ಅಧ್ಯಕ್ಷರ ಕಾರಿನ ಹಾರನ್ ಕೇಳಿಸಿತು. ಆಡಳಿತಾಧಿಕಾರಿ ಕಾಗದ ನೋಡಿದರು, ಕಿಟಕಿ ನೋಡಿದರು, ಪೆನ್ನು ತೆಗೆದು ಸಹಿ ಹಾಕಿದರು. ಅಷ್ಟರಲ್ಲೇ ಅವರ ತಲೆ ಓಡಿತ್ತು: ಕೋಟಿ ಸಮಾರಂಭ ಹೋಗಿ 'ಅತಿವೇಗದ ಪುಟದ ಉದ್ಘಾಟನೆ' ಆಗಿತ್ತು, ವೇಗ ತಂದವರ ಹೆಸರಿನ ಜಾಗದಲ್ಲಿ ಅವರೇ ಇದ್ದರು. ಆದರೂ ಬಾಗಿಲವರೆಗೆ ಹೋದವರು ನಿಂತು, ದನಿ ತಗ್ಗಿಸಿ ಕೇಳಿದರು:

"ಅಲ್ಲಮ್ಮ, ಅಷ್ಟು ದಿನದಲ್ಲಿ ನಿಜವಾದ ಮನುಷ್ಯರು ಒಬ್ಬರೂ ಬಂದಿರ್ಲಿಲ್ವಾ?"

"ಬಂದಿದ್ರು ಸಾರ್. ಅವರಿಗೆ ಪುಟ ತೆರೀಲಿಲ್ಲ."