ಬೀಗರ ಬಸ್ಸು ಎಷ್ಟೆಂದು ಕೇಳುವಂತಿಲ್ಲ

ಬೆಳಗಿನ ಐದೂವರೆ. ಹೇರೋಹಳ್ಳಿಯ ಒಂದು ಖಾಲಿ ಸೈಟಿನಲ್ಲಿ ಮೂರು ಒಲೆ ಉರಿಯುತ್ತಿವೆ. ದೊಡ್ಡ ಒಲೆಯ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿರುವ ಬಾಡೂಟದ ಅಡುಗೆಯ ಮುನಿತಾಯಮ್ಮನ ಕಣ್ಣು ಪಾತ್ರೆಯ ಮೇಲಿಲ್ಲ, ರಸ್ತೆಯ ಮೇಲಿದೆ. ಮಾಂಸ ಇನ್ನೂ ಬಂದಿಲ್ಲ. ಸದ್ಯಕ್ಕೆ ಕುದಿಯುತ್ತಿರುವುದು ಬರೀ ಮೂಳೆ, ಎಂಟು ಕಿಲೋ ಕಾಲುಮೂಳೆ ಮತ್ತು ಎರಡು ತಲೆ. ಇದರ ರಸದಲ್ಲೇ ಮಧ್ಯಾಹ್ನದ ಸಾರು ಆಗಬೇಕು.

"ಬಡವರ ಮನೆ ಬೀಗರೂಟಕ್ಕೆ ಮೂಳೆನೇ ಬಂಡವಾಳ ಕಣಪ್ಪ," ಎನ್ನುತ್ತಾರೆ ಅವರು. "ರುಚಿ ಮೂಳೆಯಿಂದ ಬರುತ್ತೆ. ತುಂಡು ಕಣ್ಣಿಗೆ."

ಆರು ಗಂಟೆಗೆ ರಾಚಪ್ಪನ ಮೊಪೆಡ್ ಗುಂಡಿಗಳಲ್ಲಿ ಎದ್ದು ಬಿದ್ದು ಬರುತ್ತದೆ. ಹೇರೋಹಳ್ಳಿ ಈ ವರ್ಷ, 2007ರಲ್ಲಿ, ಮಹಾನಗರ ಪಾಲಿಕೆಗೆ ಸೇರಿದೆಯಂತೆ. ಆ ಸುದ್ದಿ ರಸ್ತೆಗೆ ಇನ್ನೂ ಮುಟ್ಟಿಲ್ಲ. ರಾಚಪ್ಪ ಗದಗದ ಕಡೆಯವನು, ಮುನಿತಾಯಮ್ಮನ ಐವರು ಕೆಲಸಗಾರರಲ್ಲಿ ಬಡಿಸುವುದಕ್ಕೆ ಮುಂದಾಳು. ಎರಡು ಚೀಲ ಇಳಿಸುತ್ತಾನೆ. ಇಪ್ಪತ್ತೆಂಟು ಕಿಲೋ ಕುರಿ ಮಾಂಸ. ಮುನಿತಾಯಮ್ಮ ತಕ್ಕಡಿ ನಂಬುವವರಲ್ಲ. ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಿಲೋಗೆ ಮೂವತ್ತು ತುಂಡಿನಂತೆ ತಾವೇ ಕತ್ತರಿಸುತ್ತಾರೆ. ಎಂಟುನೂರ ನಲವತ್ತು ತುಂಡು. ಇನ್ನೂರು ಎಲೆಗೆ ತಲಾ ನಾಲ್ಕು: ಸಾರಿನಲ್ಲಿ ಎರಡು, ಹುರಿದದ್ದು ಎರಡು. ನಲವತ್ತು ತುಂಡು ಕೈಯಲ್ಲಿ ಉಳಿಯಬೇಕು.

ಇನ್ನೂರು ಜನ ಎಂದು ಹೇಳಿದವರು ಯಾರು? ಯಾರೂ ಇಲ್ಲ. ಭಯ ಶುರುವಾಗುವುದೇ ಇಲ್ಲಿ. ಮದುವೆಯ ನಂತರ ಹೆಣ್ಣಿನ ಮನೆಯವರು ಹಾಕುವ ಬೀಗರೂಟಕ್ಕೆ ಎಷ್ಟು ಜನ ಬರುತ್ತೀರಿ ಎಂದು ಗಂಡಿನ ಕಡೆಯವರನ್ನು ಕೇಳುವಂತಿಲ್ಲ. ಕೇಳಿದರೆ ಅನ್ನಕ್ಕೆ ಲೆಕ್ಕ ಇಟ್ಟ ಹಾಗೆ. ಅವರೂ ಹೇಳುವುದಿಲ್ಲ. ಹೇಳಿದರೆ ತಮ್ಮ ಗತ್ತು ಕಡಿಮೆಯಾಯಿತು ಎಂದು ಭಾವಿಸುತ್ತಾರೆ. ಎರಡು ಕಡೆಯ ಈ ಗತ್ತಿನ ನಡುವೆ ಸೌಟು ಹಿಡಿದವಳು ಊಹೆಯ ಮೇಲೆ ಒಲೆ ಹೊತ್ತಿಸಬೇಕು. ಮುನಿತಾಯಮ್ಮ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಬೀಗರನ್ನು ಕೇಳುವುದಿಲ್ಲ, ಅವರ ಊರಿನ ಬಸ್ ಓನರಿಗೆ ಫೋನ್ ಮಾಡುತ್ತಾರೆ. ಗಂಡಿನ ಮನೆಯವರು ಎಷ್ಟು ಬಸ್ ಹೇಳಿದ್ದಾರೆ? ಒಂದು. ಒಂದು ಬಸ್ಸೆಂದರೆ, ತೊಡೆಯ ಮೇಲಿನ ಮಕ್ಕಳೂ ಸೇರಿ, ಎಂಬತ್ತು. ಹೆಣ್ಣಿನ ಕಡೆಯವರು ನೂರಿಪ್ಪತ್ತು.

ಮೂಡಲಪಾಳ್ಯದ ಎರಡು ರೂಮಿನ ಬಾಡಿಗೆ ಮನೆಯಿಂದ ಹದಿಮೂರು ವರ್ಷ ಈ ಕೆಲಸ ನಡೆದಿದೆ. ಮೊದಲ ಐದು ವರ್ಷ ಗಂಡ ಬೆಟ್ಟಯ್ಯನದು ಸೌಟು, ಇವರದು ಮಸಾಲೆ. ಒಂದು ದಿನ ಕುದಿಯುವ ಪಾತ್ರೆ ಎತ್ತುವಾಗ ಬೆಟ್ಟಯ್ಯ ಜಾರಿಬಿದ್ದರು. ಸೊಂಟ ಹೋಯಿತು, ತೊಡೆ ಬೆಂದಿತು. ಮಾರನೆಯ ದಿನವೇ ಒಂದು ಊಟ ಒಪ್ಪಿಕೊಂಡಾಗಿತ್ತು. ಆಸ್ಪತ್ರೆಯಲ್ಲಿ ಗಂಡನನ್ನು ಬಿಟ್ಟು ಮುನಿತಾಯಮ್ಮ ಹೋಗಿ ಮಾಡಿಬಂದರು. ಆವತ್ತಿನಿಂದ ಅವರೇ. ಹಾಗಿದ್ದರೂ ಫೋನ್ ಮಾಡುವವರು ಇವತ್ತಿಗೂ ಬೆಟ್ಟಯ್ಯನನ್ನೇ ಕೇಳುತ್ತಾರೆ, ಹೆಂಗಸು ಅಷ್ಟು ದೊಡ್ಡ ಕಡಾಯಿ ಇಳಿಸುತ್ತಾಳಾ ಎಂದು. ಬೆಳ್ಳುಳ್ಳಿ ಬಿಡಿಸುತ್ತ ಕುರ್ಚಿಯಲ್ಲಿ ಕೂತ ಬೆಟ್ಟಯ್ಯ ನಗುತ್ತಾರೆ. "ನಾನೀಗ ಬರೀ ಬೋರ್ಡು. ಅಂಗಡಿ ಅವಳದು."

ವರ್ಷಕ್ಕೆ ಐವತ್ತು, ಅರವತ್ತು ಊಟ. ಆಷಾಢ, ಶ್ರಾವಣದಲ್ಲಿ ಒಂದೂ ಇಲ್ಲ. ಮುನ್ನೂರು ಜನಕ್ಕೆ ಉಣ್ಣಿಸುವ ಈ ಕೈ ಆ ಎರಡು ತಿಂಗಳು ವಿಜಯನಗರದ ಮೆಸ್ಸೊಂದರಲ್ಲಿ ಎಂಜಲು ತಟ್ಟೆ ತೊಳೆಯುತ್ತದೆ. ನಮ್ಮ ಮದುವೆ ವಿಡಿಯೋಗಳಲ್ಲಿ ಹೂವಿನವನ ಹೆಸರಿರುತ್ತದೆ, ಲೈಟಿನವನ ಫೋನ್ ನಂಬರಿರುತ್ತದೆ, ಚಪ್ಪರದ ಮೇಲೂ ಬೋರ್ಡಿರುತ್ತದೆ. ತಿಂದು ಕೈ ತೊಳೆದು ಎಲೆ ಅಡಿಕೆ ಜಗಿಯುವ ಒಬ್ಬನಾದರೂ ಅಡುಗೆಯ ಕಡೆಯ ಪರದೆ ಸರಿಸಿ, ಮಾಡಿದವರು ಯಾರು ಎಂದು ಕೇಳುತ್ತಾನಾ? ಇನ್ನು ಛತ್ರಗಳ ಮಾತು. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ವಿಚಾರಿಸಿ ನೋಡಿ, ತಾಳಿ ಕಟ್ಟಲು ಬಾಡಿಗೆಗೆ ಕೊಡುವವರಲ್ಲಿ ಹೆಚ್ಚಿನವರು ಮಾಂಸ ಬೇಯಿಸಲು ಬಾಗಿಲು ತೆಗೆಯುವುದಿಲ್ಲ. ಅದಕ್ಕೇ ಬೀಗರೂಟ ಹಾಕುವ ಬಡವರು ಖಾಲಿ ಸೈಟಿನಲ್ಲಿ, ಚರಂಡಿಯ ಪಕ್ಕ, ಶಾಮಿಯಾನದ ಕೆಳಗೆ ಬೀಗರನ್ನು ಕೂರಿಸಬೇಕು.

ಇವತ್ತಿನ ಊಟ ಶಶಿಕಲಾ ಅವರದು. ಅದು ಅವರ ನಿಜ ಹೆಸರಲ್ಲ. ಬೀಗರ ಊರಿನ ಹೆಸರನ್ನೂ ಬರೆಯಬೇಡ ಎಂದು ಮುನಿತಾಯಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಶಶಿಕಲಾ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಟೈಲರ್. ಗಂಡ ಇಲ್ಲ. ಒಬ್ಬಳೇ ಮಗಳು, ಮೊನ್ನೆಯಷ್ಟೇ ಮದುವೆಯಾಗಿದೆ. ಕುರಿ ಮಾಂಸ ಕಿಲೋಗೆ ನೂರಾ ಅರವತ್ತು ದಾಟಿರುವಾಗ ಇಪ್ಪತ್ತೆಂಟು ಕಿಲೋ ಅವರ ಕೈಗೆ ನಿಲುಕಿದ ಕೊನೆಯ ಅಂಚು. ಹತ್ತು ನಿಮಿಷಕ್ಕೊಮ್ಮೆ ಒಲೆಯ ಹತ್ತಿರ ಬಂದು ಕೇಳುತ್ತಾರೆ, "ಆಂಟಿ, ಸಾಲುತ್ತಲ್ವಾ?"

"ಸಾಲುತ್ತೆ, ಹೋಗಿ ಸೀರೆ ಉಟ್ಕೋ."

"ನಮ್ಮಕ್ಕನ ಮಗಳನ್ನ ಇವತ್ತಿಗೂ ಆಡ್ಕೊತಾರೆ ಆಂಟಿ. ನಿಮ್ಮಮ್ಮನ ಮನೇಲಿ ತುಂಡು ಎಣಿಸಿ ಹಾಕಿದ್ರು ಅಂತ. ಏಳು ವರ್ಷ ಆಯ್ತು. ನನ್ ಮಗಳಿಗೆ ಅದು ಬೇಡ."

ಹನ್ನೊಂದು ಗಂಟೆಗೆ ಶಶಿಕಲಾ ಮತ್ತೆ ಬರುತ್ತಾರೆ. ಈ ಸಲ ಕೇಳಲು ಅಲ್ಲ, ಹೇಳಲು. ಫೋನ್ ಇನ್ನೂ ಕೈಯಲ್ಲೇ ಇದೆ. ಬೀಗರು ಸುಂಕದಕಟ್ಟೆ ದಾಟಿದ್ದಾರೆ. ಎರಡು ಬಸ್ಸು.

ತಪ್ಪು ಎಲ್ಲಾಯಿತು ಎಂದು ಮುನಿತಾಯಮ್ಮನಿಗೆ ತಕ್ಷಣ ಹೊಳೆಯುತ್ತದೆ. ಅವರು ಕೇಳಿದ್ದು ಗಂಡಿನ ಮನೆಯವರು ಹೇಳಿದ ಬಸ್ಸನ್ನು. ಗಂಡಿನ ಸೋದರಮಾವ ಅಂಜಿನಯ್ಯನ ಊರೇ ಬೇರೆ. ಆ ಕಡೆಯ ಸೋದರಮಾವಂದಿರು ಭಾವನ ಬಸ್ಸು ಹತ್ತುವುದಿಲ್ಲ, ಸ್ವಂತ ಖರ್ಚಿನಲ್ಲಿ ತಮ್ಮ ಜನರನ್ನು ಬೇರೆ ಬಸ್ಸಿನಲ್ಲಿ ಕರೆತರುತ್ತಾರೆ. ಇನ್ನೂ ಎಂಬತ್ತು ಎಲೆ.

"ಸಾರಿಗೆ ನೀರು ಬಿಡೋಣ್ರೀ ಅವ್ವಾರ?" ರಾಚಪ್ಪ ಕೇಳುತ್ತಾನೆ.

"ನೀರು ಬಿಟ್ರೆ ಬೀಗರು ಬಾಯಿ ಬಿಡ್ತಾರೆ. ಸುಮ್ನಿರು." ಮುನಿತಾಯಮ್ಮ ಬೆರಳಿನಲ್ಲಿ ಲೆಕ್ಕ ಹಾಕುತ್ತಾರೆ. ಇನ್ನೂರ ಎಂಬತ್ತು ಎಲೆಗೆ ಮೂರು ಮೂರು. ಸರಿಯಾಗಿ ಎಂಟುನೂರ ನಲವತ್ತು, ಒಂದೂ ಮಿಗುವುದಿಲ್ಲ. "ಗಾಡಿ ತೆಗಿ. ಏಳು ಕಿಲೋ ಕೈಮಾ, ಮೂರು ಕಿಲೋ ಹುರಿಗಡಲೆ. ಎಲ್ಲೂ ನಿಲ್ಬೇಡ."

ಶಶಿಕಲಾ ಮದುವೆಯ ಮುಯ್ಯಿಯ ದುಡ್ಡಿನಿಂದ ತೆಗೆದು ಕೊಡುತ್ತಾರೆ. ರಾಚಪ್ಪ ವಾಪಸು ಬರುವಾಗ ಹನ್ನೊಂದೂ ನಲವತ್ತು. ಅಷ್ಟರಲ್ಲಿ ಎರಡೂ ಬಸ್ಸು ಬಂದು ನಿಂತಿವೆ. ಪರದೆಯ ಆಚೆ ಪಾನಕ, ನಗು, ಮಕ್ಕಳ ಗಲಾಟೆ. ಈಚೆ ಐದು ಜೊತೆ ಕೈ ಕೊಚ್ಚಿದ ಮಾಂಸಕ್ಕೆ ಹುರಿಗಡಲೆ ಪುಡಿ, ತೆಂಗಿನಕಾಯಿ, ಈರುಳ್ಳಿ ಸೇರಿಸಿ ನಾದುತ್ತಿವೆ. ಬೆಟ್ಟಯ್ಯನೂ ಕುರ್ಚಿಯಿಂದಲೇ ಕೈ ಹಾಕಿದ್ದಾರೆ. ಕೈಮಾ ಉಂಡೆ ಒಡೆದರೆ ಸಾರು ಗಂಜಿಯಾಗುತ್ತದೆ. ಮುನಿತಾಯಮ್ಮ ಮೊದಲು ಒಂದೇ ಒಂದು ಉಂಡೆಯನ್ನು ಕುದಿಯುವ ಸಾರಿಗೆ ಬಿಟ್ಟು ಉಸಿರು ಹಿಡಿದು ನೋಡುತ್ತಾರೆ. ಉಂಡೆ ಮುಳುಗುತ್ತದೆ. ಎಷ್ಟು ಹೊತ್ತಾದರೂ ಕಾಣುವುದಿಲ್ಲ. ಆಮೇಲೆ ಇಡಿಯಾಗಿ ಮೇಲೆ ಬರುತ್ತದೆ.

"ಬಿಡ್ರಿ ಎಲ್ಲಾನೂ," ಎನ್ನುತ್ತಾರೆ. ಮುನ್ನೂರ ಐವತ್ತು ಉಂಡೆ.

ಹನ್ನೆರಡೂ ಮುಕ್ಕಾಲಿಗೆ ಮೊದಲ ಪಂಕ್ತಿ. ಬಡಿಸುವವರಿಗೆ ಮುನಿತಾಯಮ್ಮನ ಅಪ್ಪಣೆ ಚಿಕ್ಕದು: ಮುದ್ದೆಯ ಪಕ್ಕ ಮೊದಲು ಉಂಡೆ ಬೀಳಬೇಕು, ಆಮೇಲೆ ತುಂಡು. "ಉಂಡೆ ಬಿದ್ರೆ ಎಲೆ ತುಂಬ್ದಂಗೆ ಕಾಣುತ್ತೆ. ಆಮೇಲೆ ತುಂಡು ಎಣಿಸೋರು ಕಮ್ಮಿ."

ಆದರೆ ಎಣಿಸುವವನೊಬ್ಬ ಇದ್ದೇ ಇರುತ್ತಾನೆ. ಅಂಜಿನಯ್ಯ ಎಲೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಕೇಳುತ್ತಾರೆ, "ಏನಮ್ಮ ಬೀಗಿತಿ, ಮೂರೇ ಕಾಣ್ತವೆ? ಬೆಂಗಳೂರಲ್ಲಿ ಕುರಿಗೆ ಮೂರೇ ಕಾಲಾ?"

ಸಾಲಿಗೆ ಸಾಲೇ ನಗುತ್ತದೆ. ಶಶಿಕಲಾ ಪಕ್ಕದಲ್ಲಿ ನಿಂತ ಹೊಸ ಮದುಮಗಳು ತಲೆ ತಗ್ಗಿಸಿದ್ದಾಳೆ. ಪರದೆಯ ಸಂದಿಯಲ್ಲಿ ಮುನಿತಾಯಮ್ಮನ ಸೌಟು ಗಾಳಿಯಲ್ಲೇ ನಿಂತಿದೆ.

ರಾಚಪ್ಪ ಬಕೆಟ್ ಹಿಡಿದು ಬಗ್ಗುತ್ತಾನೆ. "ನಾಕನೇ ಕಾಲು ಅರದು ಉಂಡಿ ಮಾಡ್ಯಾರ್ರೀ ಸಾವುಕಾರ್ರ. ನಿಮಗ ಜಗಿಯೂದು ತ್ರಾಸ ಆಗಬಾರದು ಅಂತ." ಕೇಳದೆಯೇ ಇನ್ನೆರಡು ಉಂಡೆ ಹಾಕುತ್ತಾನೆ.

"ನಂಗೇನು ಹಲ್ಲು ಬಿದ್ದಿದಾವೇನೋ?" ಅಂಜಿನಯ್ಯ ಗದರುತ್ತಲೇ ಉಂಡೆ ಮುರಿದು ಬಾಯಿಗಿಡುತ್ತಾರೆ. ಜಗಿಯುತ್ತಾರೆ. ಇಡೀ ಸಾಲು ಅವರ ಬಾಯಿಯನ್ನೇ ನೋಡುತ್ತದೆ. ಅವರು ತಲೆ ಎತ್ತುವುದಿಲ್ಲ, ಬಕೆಟ್ ಕಡೆ ಕೈ ಚಾಚುತ್ತಾರೆ. "ಸಾರು ಬಿಡು. ಇನ್ನೊಂದು ಉಂಡೆ ಹಾಕು. ಪಕ್ಕದ ಎಲೆಗೂ ಹಾಕು."

ಮೂರನೆಯ ಪಂಕ್ತಿ, ಹೆಣ್ಣಿನ ಕಡೆಯವರದು, ಎರಡೂವರೆಗೆ ಏಳುತ್ತದೆ. ಹುರಿದ ಮಾಂಸದ ಕಡಾಯಿಯ ತಳ ಕಾಣುತ್ತಿದೆ. ಸಾರಿನ ಪಾತ್ರೆಯಲ್ಲಿ ತುಂಡಿಲ್ಲ, ಉಂಡೆಯೂ ಇಲ್ಲ. ಅಡುಗೆಯವರು ಮುದ್ದೆಗೆ ಬರೀ ಸಾರು ಬಿಟ್ಟುಕೊಂಡು ಚಪ್ಪರದ ಹಿಂದೆ ಉಣ್ಣಲು ಕೂರುತ್ತಾರೆ. ಮುನಿತಾಯಮ್ಮ ಕೂತಿಲ್ಲ. ಬಸ್ಸು ಹೊರಡುವ ತನಕ ಅವರಿಗೆ ಅನ್ನ ಇಳಿಯುವುದಿಲ್ಲ.

ಎರಡನೆಯ ಬಸ್ಸಿನ ಸದ್ದು ದೂರವಾದ ಮೇಲೆ ರಾಚಪ್ಪನನ್ನು ಕೇಳುತ್ತಾರೆ, "ಏನಂದ್ರೋ ಹೋಗುವಾಗ?"

"ಒಬ್ಬಾಕಿ ಬಸ್ ಹತ್ತುವಾಗ ಅನ್ನಾಕತ್ತಿದ್ಲ್ರಿ, ಗಂಡ ಇಲ್ಲದ ಹೆಣ್ಣುಮಗಳು, ಆದ್ರೂ ಉಂಡಿ ಮಾಡಿಸ್ಯಾಳ, ಕೈ ಬಿಚ್ಚಿ ಖರ್ಚು ಮಾಡ್ಯಾಳ ಅಂತ."

"ಅದನ್ನ ಶಶಿಕಲಾಗೆ ಹೇಳಿದ್ಯಾ?"

"ಹೇಳೀನ್ರಿ. ಅಳಾಕತ್ತಾರ."

ಮುನಿತಾಯಮ್ಮ ಬೆಳಗಿನಿಂದ ಮೊದಲ ಸಲ ನೆಲದ ಮೇಲೆ ಕೂರುತ್ತಾರೆ. ಊಟ ಚೆನ್ನಾಗಿತ್ತು ಎಂದು ಒಬ್ಬರಾದರೂ ಒಳಗೆ ಬಂದು ಹೇಳಬಾರದಿತ್ತೇ ಎಂದು ನಾನು ಕೇಳಿದರೆ, ತಟ್ಟೆಯ ಮುದ್ದೆಗೆ ಸಾರು ಸುರಿದುಕೊಳ್ಳುತ್ತ ಹೇಳುತ್ತಾರೆ:

"ಹೇಳ್ದೆ ಇದ್ರೂ ಪರವಾಗಿಲ್ಲಪ್ಪ. ಸಾಲ್ಲಿಲ್ಲ ಅಂತ ಇಲ್ಲಿವರ್ಗೂ ಒಬ್ರೂ ಅಂದಿಲ್ಲ."