ಹಿತ್ತಲಲ್ಲಿ ಬಾಯಿ ತೆರೆದ ಹಗೇವು

ಹೋದ ಭಾನುವಾರ ನಮ್ಮ ಹಿತ್ತಲಲ್ಲಿ ನನ್ನ ಗಂಡ ಮಾತಾಡುತ್ತಾ ಮಾತಾಡುತ್ತಾ ಸುಮ್ಮನಾಗಿಬಿಟ್ಟರು.

ಇದರಲ್ಲಿ ಹೆದರುವಂಥದ್ದೇನಿದೆ ಎನ್ನುತ್ತೀರಾ? ಅವರು ಆಗ ನೆಲದ ಮೇಲಿರಲಿಲ್ಲ. ನೆಲದ ಕೆಳಗಿದ್ದರು.

ಈ ಪುಟ ಓದುವವರಿಗೆ ನಮ್ಮ ಯಜಮಾನರ ಪರಿಚಯ ಇದ್ದೇ ಇದೆ. ಬೆಂಗಳೂರಿನ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ಮುರಿದ ಕೊಡೆಯಿಂದ ಹಿಡಿದು ಹೊಗೆಯುಗುಳುವ ಸ್ಟೌವರೆಗೆ ಯಾವುದನ್ನೂ ಹೊರಗೆ ರಿಪೇರಿಗೆ ಕೊಟ್ಟವರಲ್ಲ. (ನಮ್ಮ ಗೋಡೆ ಗಡಿಯಾರ ಈಗ ತನಗೆ ಮನಸ್ಸು ಬಂದಾಗ ಮಾತ್ರ ಹೊಡೆಯುತ್ತದೆ. ಇರಲಿ.) ದೇವನಹಳ್ಳಿಯಲ್ಲಿ ಈ ಹಳೇ ಮನೆ ಕೊಂಡಾಗಿನಿಂದ ಅವರ ಕಣ್ಣು ಹಿತ್ತಲ ಮೇಲೆ. ಅಲ್ಲಿ ಇರುವುದಾದರೂ ಏನು? ಇಂದೋ ನಾಳೆಯೋ ಬೀಳುವ ಬಚ್ಚಲುಮನೆ, ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ. ಮಳೆ ಬಂದರೆ ಕಾಲಿಡಲಾಗದ ಕೆಸರು. ಅದನ್ನೆಲ್ಲ ಸಮ ಮಾಡಿ, ಚಪ್ಪಡಿ ಹಾಸಿ, ಬಚ್ಚಲ ನೀರು ಇಂಗಲು ಒಂದು ಗುಂಡಿ ತೋಡಬೇಕೆಂಬುದು ಅವರ ಪ್ಲಾನ್. ಆಳು ಬೇಡ, ಮೇಸ್ತ್ರಿ ಬೇಡ. ಎಲ್ಲ ಸ್ವಂತ ಕೈಯಲ್ಲೇ.

ಬೆಳಿಗ್ಗೆ ಕಾಫಿ ಕುಡಿದವರೇ ಪಕ್ಕದ ಮನೆಯ ಮುನಿಶಾಮಣ್ಣನವರ ಹಾರೆ ಕೇಳಿ ತಂದು ನುಗ್ಗೆಮರದ ಬಳಿ ಅಗೆಯತೊಡಗಿದರು. ಸ್ವಲ್ಪ ಹೊತ್ತಿಗೆ ಹಾರೆಯ ಸದ್ದು ಬದಲಾಯಿತು. ಅದು ಮಣ್ಣಿಗೆ ಬಿದ್ದ ಸದ್ದಲ್ಲ, ಖಾಲಿ ಪೆಟ್ಟಿಗೆಯನ್ನು ಗುದ್ದಿದ ಸದ್ದು. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೂ ಕೇಳಿಸಿತು. ಎದ್ದು ಬಂದೆ. ಮಣ್ಣು ಸರಿಸಿದರೆ ಕಲ್ಲಿನ ಮುಚ್ಚಳ. ಮೀಟಿ ಎಬ್ಬಿಸಿದರೆ ಕೆಳಗೆ ಬರೀ ಕತ್ತಲು. ಮೀಟಿದ ರಭಸಕ್ಕೆ ಹಾರೆ ಕೈಜಾರಿ ಒಳಗೆ ಹೋಯಿತು. ಅದು ತಳ ಮುಟ್ಟಿದ ಸದ್ದು ತಡವಾಗಿ ಬಂತು.

ಹಿಂದೆ ಈ ಕಡೆ ರಾಗಿಯನ್ನು ನೆಲದೊಳಗೆ ತೋಡಿದ ಗುಂಡಿಯಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ವರ್ಷಗಟ್ಟಲೆ ಇಡುತ್ತಿದ್ದರು. ಅದೇ ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಅಗಲ. ಮನೆ ಮಾರಿದ ಕುಂದಾಣದ ಕಡೆಯವರು ಇದರ ಸುದ್ದಿಯನ್ನೇ ಎತ್ತಿರಲಿಲ್ಲ. ಅವರಿಗೂ ಮರೆತುಹೋಗಿತ್ತೋ ಏನೋ.

ನಮ್ಮವರ ಮುಖ ಅರಳಿತು. ಇಂಗುಗುಂಡಿ ರೆಡಿಮೇಡ್ ಆಗಿ ಸಿಕ್ಕಿತಲ್ಲ! ಇಳಿದು ಹಾರೆ ತೆಗೆದು, ಒಳಗೆ ಹೇಗಿದೆ ಅಂತ ನೋಡಿಬಿಡೋಣ ಎಂದು ಏಣಿ ತಂದರು.

ನಮ್ಮತ್ತೆ ತೂಬಗೆರೆ ಕಡೆಯವರು. ಹಗೇವು ನೋಡಿ ಬೆಳೆದವರು. ಹಿತ್ತಲ ಬಾಗಿಲಿಗೆ ಬಂದು ನಿಂತವರು, ಇವತ್ತು ಇಳಿಯಬೇಡ, ನಾಳೆಯವರೆಗೂ ಬಾಯಿ ತೆರೆದೇ ಇರಲಿ ಎಂದರು. ನಾಳೆ ಡ್ಯೂಟಿ ಇದೆ ಎಂದರು ಮಗ. ತೆರೆದು ಇಷ್ಟು ಹೊತ್ತಾಯಿತಲ್ಲ, ಸಾಲದೇ? ಕೊನೆಗೆ ಅತ್ತೆ ಬಾವಿಹಗ್ಗ ತಂದು ಮಗನ ಕಂಕುಳ ಕೆಳಗೆ ತಾವೇ ಬಿಗಿದರು. ಅವರು ನಗುತ್ತಾ ಕೈಯೆತ್ತಿ ನಿಂತು ಕಟ್ಟಿಸಿಕೊಂಡರು. ಹಗ್ಗದ ತುದಿ ನಮ್ಮಿಬ್ಬರ ಕೈಗೆ ಬಂತು.

ಇಳಿಯುತ್ತಾ ವರದಿ ಕೊಡುತ್ತಲೇ ಇದ್ದರು. ಗೋಡೆ ಗಟ್ಟಿಯಾಗಿದೆ. ಒಳಗೆ ಸೆಕೆ. ತಳದಲ್ಲಿ ಹಳೇ ರಾಗಿ ಕಪ್ಪಗೆ ಕೂತಿದೆ. ಹಾರೆ ಕಾಣುತ್ತಿದೆ.

"ಇಲ್ಲಿ ಒಂಥರಾ..." ಅಂದರು.

ಮುಂದಿನ ಮಾತು ಬರಲಿಲ್ಲ.

"ರೀ" ಅಂದೆ. ಇನ್ನೊಮ್ಮೆ "ರೀ" ಅಂದೆ. ಟಾರ್ಚ್ ಬಿಟ್ಟು ನೋಡಿದರೆ ಏಣಿಯ ಬುಡದಲ್ಲಿ ಅವರ ಬೆನ್ನು ಕಂಡಿತು, ದೇವರಿಗೆ ಅಡ್ಡಬಿದ್ದವರ ಬೆನ್ನಿನ ಹಾಗೆ. ಅಲುಗಾಡುತ್ತಿರಲಿಲ್ಲ.

ಮದುವೆಯಾದ ಮೇಲೆ ಮೊದಲ ಸಲ ಗಂಡನ ಹೆಸರು ಹಿಡಿದು ಕೂಗಿದೆ. ಅತ್ತೆ ಕರೆಯುವ ಹಾಗೆಯೇ, "ಸೀನಾ" ಅಂತ. ಆ ಕೂಗು ಗುಂಡಿಯೊಳಗೆ ಹೋಗಿ ಹಾಗೇ ಮುಗಿಯಿತು.

ಹಗ್ಗ ಬಿಟ್ಟು ಏಣಿಯ ಮೇಲೆ ಕಾಲಿಟ್ಟೆ. ಯೋಚನೆ ಮಾಡಿ ಇಟ್ಟದ್ದಲ್ಲ, ಕಾಲು ತಾನೇ ಹೋಯಿತು. ನಿಮ್ಮ ಮನೆಯವರು ಕೆಳಗೆ ಬಿದ್ದಿದ್ದರೆ ನೀವಾದರೂ ಏನು ಮಾಡುತ್ತಿದ್ದಿರಿ? ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು. ಅಂಗಾತ ಮಣ್ಣಿಗೆ ಬಿದ್ದೆ. ಅತ್ತೆ! ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ನನ್ನ ಜಡೆ.

"ಇಳೀಬ್ಯಾಡ. ಇಳಿದ್ರೆ ನೀನೂ ಬರಾಕಿಲ್ಲ. ಹಗ್ಗ ಹಿಡಿ" ಅಂದರು. ದನಿ ಏರಿರಲಿಲ್ಲ.

ಬಿಡಿ ನನ್ನನ್ನ ಎಂದು ಅವರ ಕೈಗೆ ಉಗುರು ಹಾಕಿದೆ. ಬಿಡಲಿಲ್ಲ. ಆ ಗಳಿಗೆಯಲ್ಲಿ ಅವರಷ್ಟು ಕಟುಕರು ಈ ಲೋಕದಲ್ಲೇ ಇಲ್ಲ ಅನ್ನಿಸಿತು. ಆಮೇಲೆ ಇಬ್ಬರೂ ಹಗ್ಗ ಎಳೆದೆವು. ನಮ್ಮವರ ತಲೆ, ಭುಜ ನೆಲ ಬಿಟ್ಟು ಎದ್ದವು. ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಅಲ್ಲಿಂದ ಮೇಲಕ್ಕೆ ಬರಲೊಲ್ಲರು. ಬಿಟ್ಟರೆ ಮತ್ತೆ ತಳಕ್ಕೆ ಹೋಗುತ್ತಾರೆ. ಅಂಗೈ ಚರ್ಮ ಕಿತ್ತು ಹಗ್ಗ ಒದ್ದೆಯಾಗುತ್ತಿತ್ತು. ಇನ್ನೆಷ್ಟು ಹೊತ್ತು ಹಿಡಿದಿರಬಲ್ಲೆವು?

ಆಗ ಗೋಡೆ ಹಾರಿ ಬಂದರು ಮುನಿಶಾಮಣ್ಣ, ಅವರ ಹಿಂದೆ ಅವರ ತಮ್ಮ. ಬಂದವರೂ ಮೊದಲು ಏಣಿಯ ಕಡೆಗೇ ಓಡಿದರು. ಅತ್ತೆ ಅವರನ್ನೂ ತಡೆದು, ಕೈಗೆ ಹಗ್ಗ ಕೊಟ್ಟರು. ನಾಲ್ಕು ಜನ ಸೇರಿ ಎಳೆದೆವು. ಮೇಲೆ ಬಂದ ಮುಖದ ಬಣ್ಣವನ್ನು ನಾನು ಇಲ್ಲಿ ಬರೆಯಲಾರೆ.

ನುಗ್ಗೆಮರದ ಕೆಳಗೆ ಮಲಗಿಸಿ ಮುಖಕ್ಕೆ ನೀರು ಹೊಡೆದರು, ಎದೆ ತಿಕ್ಕಿದರು, ಟವಲಿನಿಂದ ಗಾಳಿ ಬೀಸಿದರು. ಎಷ್ಟೋ ಹೊತ್ತು ಏನೂ ಆಗಲಿಲ್ಲ. (ಆ ಹೊತ್ತಿಗೆ ನಾನು ಮನಸ್ಸಿನಲ್ಲಿ ತೂಬಗೆರೆಗೆ ಹೋಗಿದ್ದೆ. ನಮ್ಮ ಮಕ್ಕಳು ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದರು. ಅವರಿಗೆ ಏನಂತ ಹೇಳಲಿ?) ಕೊನೆಗೊಂದು ಕೆಮ್ಮು ಬಂತು. ಆಮೇಲೆ ವಾಂತಿ. ಅಷ್ಟು ಚೆಂದದ ವಾಂತಿಯನ್ನು ನಾನು ನೋಡಿಲ್ಲ.

ಡಾಕ್ಟರು ಬಂದು ನೋಡಿ, ಕೊಳೆತ ಕಾಳಿನಿಂದ ಕೆಟ್ಟ ಗಾಳಿ ತಳದಲ್ಲಿ ಕೂತಿರುತ್ತದೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮುನಿಶಾಮಣ್ಣನವರು ಹೋಗುವಾಗ ಹೇಳಿದರು: "ನೀವು ಒಂದಿನಾನೂ ಅವರ ಹೆಸ್ರಿಡಿದು ಕರ್ದೋರಲ್ಲ ಟೀಚರಮ್ಮ. ಅದಕ್ಕೇ ಏನೋ ಆಗೋಯ್ತು ಅಂತ ಬಂದೆ."

ನಮ್ಮವರು ಈಗ ಚೆನ್ನಾಗಿದ್ದಾರೆ. ಡ್ಯೂಟಿಗೂ ಹೋಗುತ್ತಿದ್ದಾರೆ. ಹಗೇವಿಗೆ ಗಾಡಿಗಟ್ಟಲೆ ಮಣ್ಣು ತುಂಬಿಸಿಯಾಯಿತು. ಒಳಗೆ ಏನಾಯಿತು ಅಂತ ಕೇಳಿದರೆ, ನಿದ್ದೆ ಬಂದ ಹಾಗಾಯಿತು ಅಷ್ಟೇ ಎನ್ನುತ್ತಾರೆ. ನೋವಿಲ್ಲ, ಉಸಿರು ಕಟ್ಟಿದ್ದೂ ಗೊತ್ತಿಲ್ಲ. ನನಗೆ ಈಗಲೂ ಭಯ ಹುಟ್ಟಿಸುವುದು ಅದೇ. ರಾತ್ರಿ ಊಟ ಮಾಡಿ ಅವರು ಕಣ್ಣು ಮುಚ್ಚಿದರೆ ಸಾಕು, ನಾನು ಹೋಗಿ ಮೂಗಿನ ಬಳಿ ಕೈಯಿಡುತ್ತೇನೆ. ಬೈಯುತ್ತಾರೆ. ಬೈಯಲಿ.

ಹಳೇ ಮನೆ ಕೊಳ್ಳುವಾಗ ನಾವು ತೊಲೆ ತಟ್ಟಿ ನೋಡುತ್ತೇವೆ, ಹೆಂಚು ಎಣಿಸುತ್ತೇವೆ, ಬಾವಿ ನೀರು ಕುಡಿದು ನೋಡುತ್ತೇವೆ. ಕಾಲ ಕೆಳಗೆ ಏನಿದೆ ಅಂತ ಒಬ್ಬರಾದರೂ ಕೇಳುತ್ತೇವೆಯೇ?

ಅತ್ತೆ ಆ ದಿನವೆಲ್ಲ ಓಡಾಡಿಕೊಂಡೇ ಇದ್ದರು. ಬಂದವರಿಗೆ ಕಾಫಿ ಮಾಡಿದರು, ಮಗನಿಗೆ ಗಂಜಿ ಕಾಯಿಸಿದರು. ಸಂಜೆ ಅಡುಗೆಮನೆಯಲ್ಲಿ ಲೋಟ ಎತ್ತಲು ಹೋದವರು ಅದನ್ನು ಅಲ್ಲೇ ಬಿಟ್ಟರು. ಗೋಡೆಗೊರಗಿ ಕೂತುಬಿಟ್ಟರು. ಆಗ ಹೇಳಿದರು. ಅವರು ಚಿಕ್ಕವರಿದ್ದಾಗ ಊರಲ್ಲಿ ಒಬ್ಬ ಹಗೇವಿಗೆ ಇಳಿದನಂತೆ. ಅವನನ್ನು ಎತ್ತಲು ಅವನ ಅಣ್ಣ ಇಳಿದನಂತೆ. ಇಬ್ಬರೂ ಬರಲಿಲ್ಲವಂತೆ.

ಅವರ ಮೊಣಕೈ ಮೇಲೆ ನನ್ನ ಉಗುರಿನ ಗೀರು ಕೆಂಪಗಿತ್ತು. ಎಣ್ಣೆ ಹಚ್ಚಲು ಹೋದೆ. ಬೇಡ ಎಂದು ಸೆರಗು ಮುಚ್ಚಿಕೊಂಡರು.

ಗಂಡ ಗುಂಡಿಯಲ್ಲಿ ಬಿದ್ದಾಗ ನನ್ನನ್ನು ಹಿಡಿದು ನಿಲ್ಲಿಸಲು ಅತ್ತೆ ಇದ್ದರು. ಮಗ ಬಿದ್ದಾಗ ಅವರನ್ನು ಹಿಡಿದು ನಿಲ್ಲಿಸಿದವರು ಯಾರು?