ಸರೋಜಕ್ಕ ಬಿಟ್ಟುಕೊಟ್ಟ ಹಾಡು

ಆ ಶನಿವಾರ ಮಧ್ಯಾಹ್ನ ಬರ್ಮಿಂಗ್‌ಹ್ಯಾಮ್‌ನ ಕರೋಕೆ ಅಂಗಡಿಯ ಆರನೇ ಕೋಣೆಯಲ್ಲಿದ್ದವರು ನಾವು ಮೂರೇ ಜನ: ಸರೋಜಕ್ಕ, ಅವರ ಯಜಮಾನರು ವೆಂಕಣ್ಣ, ಮತ್ತು ನಾನು. ಕೋಣೆ ಎರಡು ಗಂಟೆಯ ಮಟ್ಟಿಗೆ ನಮ್ಮದು. ಉಳಿದ ನಿಮಿಷಗಳು ಪರದೆಯ ಮೂಲೆಯಲ್ಲಿ ಒಂದೊಂದಾಗಿ ಇಳಿಯುತ್ತಿದ್ದವು. ಸರೋಜಕ್ಕ ಎಂದಿನಂತೆ ಶೂ ಬಿಚ್ಚಿ ಗೋಡೆಗೆ ಒರಗಿಸಿಟ್ಟು, ಕಾಲುಚೀಲದಲ್ಲೇ ನಿಂತು ಮೈಕ್ ಹಿಡಿದಿದ್ದರು. ಶೂ ಹಾಕಿಕೊಂಡು ಅವರು ಹಾಡಿದ್ದನ್ನು ನಾನು ಕಂಡಿಲ್ಲ. ಮಂಗಳವಾರ ಅವರ ಗಂಟಲಿಗೆ ಆಪರೇಷನ್ ಇತ್ತು. ಅದು ಮೂವರಿಗೂ ಗೊತ್ತು. ಆಮೇಲೆ ಧ್ವನಿ ಹೋಗಬಹುದು ಎಂಬುದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ವೆಂಕಣ್ಣನಿಗೆ ಗೊತ್ತಿರಲಿಲ್ಲ.

ಸರೋಜಕ್ಕನ ಪರಿಚಯ ನನಗಾದದ್ದು ಕೊವೆಂಟ್ರಿಯ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ. ನಾನು ಮೈಸೂರಿನಿಂದ ಬಂದು ಹೊಸದಾಗಿ ಸೇರಿದವನು. ಅವರು ಸದ್ದು ಪರೀಕ್ಷೆಯ ಕೋಣೆಯ ಹಿರಿಯ ಇಂಜಿನಿಯರ್. ಧಾರವಾಡದವರು. ಮದುವೆಯಾಗಿ ಜಪಾನಿಗೆ ಹೋಗಿ, ಅಲ್ಲಿನ ಒಂದು ಕಾರ್ಖಾನೆ ಊರಿನಲ್ಲಿ ಗಂಡ ಹೆಂಡತಿ ಇಬ್ಬರೂ ಹನ್ನೊಂದು ವರ್ಷ ದುಡಿದು, ಆಮೇಲೆ ಇಲ್ಲಿಗೆ ಬಂದವರು. ಮೊದಲ ವಾರವೇ ಒಂದು ಗೇರ್‌ಬಾಕ್ಸ್ ಸರಿಯಿದೆ ಎಂದು ಯಂತ್ರ ಹಸಿರು ದೀಪ ತೋರಿಸಿತ್ತು. ಇವರು ಒಂದು ಉಕ್ಕಿನ ಕಡ್ಡಿಯ ತುದಿಯನ್ನು ಅದಕ್ಕೆ ತಾಗಿಸಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಂತರು. ಅರ್ಧ ನಿಮಿಷ ಕಳೆಯಿತು. "ಒಳಗ ಒಂದ್ ಹಲ್ಲು ಅಳಲಿಕ್ಕೆ ಹತ್ತೇದ, ಬಿಚ್ಚು" ಎಂದರು. ದೀಪ ಹಸಿರಿದೆಯಲ್ಲ ಎಂದೆ. "ದೀಪಕ್ಕ ಕಿವಿ ಎಲ್ಲಿ ಅದಾವೋ ತಮ್ಮಾ?" ಬಿಚ್ಚಿ ನೋಡಿದರೆ ಒಂದು ಹಲ್ಲಿನ ಅಂಚು ಉಗುರಿನಷ್ಟು ಮುಕ್ಕಾಗಿತ್ತು. ಅಂದಿನಿಂದ ನಾನು ಅವರಿಗೆ ತಮ್ಮ, ಅವರು ನನಗೆ ಅಕ್ಕ.

ಆ ಕಿವಿ ಹಾಡಿನಿಂದ ಬಂದದ್ದು ಎಂದು ಅವರೇ ಹೇಳುತ್ತಿದ್ದರು. ಜಪಾನಿನಲ್ಲಿ ಅವರ ಲೈನಿನ ಮುಖ್ಯಸ್ಥೆ ಮೊರಿತಾ ಎಂಬ ಹೆಂಗಸು, ಭಾಷೆ ಬಾರದ ಈ ಧಾರವಾಡದ ಹುಡುಗಿಯನ್ನು ಪ್ರತಿ ವಾರ ಕರೋಕೆಗೆ ಎಳೆದೊಯ್ದು, ತಮ್ಮ ಹರೆಯದ ಕಾಲದ ಬ್ಯಾಂಡುಗಳ ಹಾಡುಗಳಲ್ಲಿ ಮಾತು ಕಲಿಸಿದರಂತೆ. ಮೂರು ಗಿಟಾರು, ಒಂದು ಡ್ರಮ್ಮು, ಹಣೆಯ ಮೇಲೆ ಕೂದಲು ಇಳಿಬಿಟ್ಟ ನಾಲ್ಕು ಹುಡುಗರು. ಅಕ್ಕ ಆ ಹಾಡುಗಳನ್ನೆಲ್ಲ ಒಂದು ನೀಲಿ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ಎಲ್ಲಿ ಉಸಿರು ತೆಗೆಯಬೇಕೋ ಅಲ್ಲಿ ಕೆಂಪು ಚುಕ್ಕೆ. ಪುಟದ ಅಂಚಿನಲ್ಲಿ ಟೀಕೆಗಳು: "ಇಲ್ಲಿ ಅಳಬಾರದು." "ಇಲ್ಲಿ ನಗು ಇರಲಿ, ಹಲ್ಲು ಬ್ಯಾಡ." ನನಗೂ ಅದರಿಂದಲೇ ಪಾಠ. ನಾನು ಅವಸರದಲ್ಲಿ ಸಾಲು ಮುಗಿಸಿದರೆ, ಯಾವ ಬಸ್ ಹಿಡಿಯೋದದ ಎಂದು ಕೇಳುತ್ತಿದ್ದರು.

ಜಪಾನಿನ ಆ ಕಾರ್ಖಾನೆಯವರ ಕರೋಕೆಗೆ ಒಂದು ಕಟ್ಟಳೆ ಇತ್ತು. ಒಬ್ಬೊಬ್ಬರಿಗೂ ಒಂದೊಂದು ಸ್ವಂತದ ಹಾಡು. ಅವರು ಕೋಣೆಯಲ್ಲಿರಲಿ, ಬಿಡಲಿ, ಅದನ್ನು ಇನ್ನೊಬ್ಬರು ಅವರ ಒಪ್ಪಿಗೆ ಕೇಳದೆ ಮುಟ್ಟುವಂತಿಲ್ಲ. ಇನ್ನು ತಾನು ಹಾಡುವುದಿಲ್ಲ ಎನ್ನುವ ದಿನ ಬಂದರೆ, ಅದನ್ನು ತನಗೆ ಬೇಕಾದವರಿಗೆ ಎರಡೂ ಕೈಯಿಂದ ಒಪ್ಪಿಸಬೇಕು. ಪಡೆಯುವವರೂ ಎರಡು ಕೈ ಚಾಚಬೇಕು. ಮೊರಿತಾ ನಿವೃತ್ತರಾದ ದಿನ ತಮ್ಮ ಹಾಡನ್ನು ಅಕ್ಕನಿಗೆ ಒಪ್ಪಿಸಿದ್ದರು. ಗೆಳೆಯ ಊರು ಬಿಟ್ಟು ಮಧ್ಯಾಹ್ನದ ಬಸ್ಸು ಹತ್ತುವಾಗ, ಕೆಲಸದ ಕೈಗವಸು ತೆಗೆಯದೆಯೇ ಕೈ ಬೀಸಿಬಿಟ್ಟೆನಲ್ಲ ಎಂದು ಹಲುಬುವವನ ಹಾಡು ಅದು. ಅಂದು ಅಲ್ಲಿನ ಕೋಣೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ವೆಂಕಣ್ಣನೂ ಒಬ್ಬರು.

ಸರ್ಜನ್ ಬಳಿಗೆ ಅಕ್ಕನನ್ನು ಕರೆದೊಯ್ದವನು ನಾನು. ವೆಂಕಣ್ಣನ ಕಣ್ಣಿನ ಪೊರೆ ತೆಗೆಸಿ ಇನ್ನೂ ವಾರವಾಗಿರಲಿಲ್ಲ, ಕಾರು ಓಡಿಸುವಂತಿರಲಿಲ್ಲ. ಥೈರಾಯ್ಡ್ ಗಂಟು ದೊಡ್ಡದಾಗಿದೆ, ಧ್ವನಿಯ ನರ ಅದಕ್ಕೇ ಅಂಟಿಕೊಂಡಿರುವಂತಿದೆ ಎಂದು ಸರ್ಜನ್ ಚಿತ್ರ ಬರೆದು ತೋರಿಸಿದರು. ಉಳಿಸಲು ನೋಡುತ್ತೇವೆ, ಮಾತು ಕೊಡಲಾರೆವು ಎಂದರು. ಅಕ್ಕ ಆ ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟರು. ಮನೆ ಮುಂದೆ ಕಾರಿನಿಂದ ಇಳಿಯುವಾಗ, "ಅವರಿಗೆ ಹೇಳಬ್ಯಾಡ. ಅವರು ನಿದ್ದಿ ಮಾಡಂಗಿಲ್ಲ, ನನ್ನೂ ಮಾಡಗೊಡಂಗಿಲ್ಲ" ಎಂದರು. ನಾನು ತಲೆಯಾಡಿಸಿದೆ. ಆಡಿಸಬಾರದಿತ್ತೇನೋ.

ಹೀಗಾಗಿ ಆ ಶನಿವಾರ ವೆಂಕಣ್ಣನ ಒಂದೊಂದು ಮಾತೂ ನನ್ನನ್ನು ಚುಚ್ಚುತ್ತಿತ್ತು. ಅವರಿಗೋ ಎಂದಿಲ್ಲದ ಹುರುಪು. ಮುಂದಿನ ತಿಂಗಳಿಗೂ ಇದೇ ಕೋಣೆ ಕಾದಿರಿಸಿಬಿಡೋಣ, ಹೊಲಿಗೆ ಬಿಚ್ಚಿದ ಮಾರನೇ ದಿನವೇ ಹಾಡಿಸೋಣ ಎನ್ನುತ್ತಿದ್ದರು. ಅಕ್ಕ ಒಂದರ ಹಿಂದೊಂದು ಹಾಡುತ್ತಲೇ ಇದ್ದರು, ತಮ್ಮ ಹಾಡೊಂದನ್ನು ಬಿಟ್ಟು. ಪರದೆಯ ಮೇಲೆ ಇಪ್ಪತ್ತು ನಿಮಿಷ ಉಳಿದಾಗ, ಗಂಟಲು ಒಣಗಿದೆ, ಚಹಾ ತರುತ್ತೀರಾ ಎಂದು ಗಂಡನನ್ನು ಕೆಳಗೆ ಕಳಿಸಿದರು. ಬಾಗಿಲು ಮುಚ್ಚಿತು. ಅಕ್ಕ ಚೀಲದಿಂದ ನೀಲಿ ನೋಟ್‌ಬುಕ್ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಲಗೂನ ತಗೋ" ಎಂದರು. "ಅವರು ಬರೋದರಾಗ ಆಗಬೇಕು."

"ನೀವೇ ಹಾಡ್ತೀರಿ ಬಿಡಿ ಅಕ್ಕಾ."

"ಹಾಡಿದ್ರ ಛಲೋನ ಆತು. ಹಾಡಲಿಕ್ಕೆ ಆಗಲಿಲ್ಲಂದ್ರ? ಬಾಯಿ ಇಲ್ಲದಾಕಿ ಹಾಡು ಹೆಂಗ ಕೊಡ್ಬೇಕು? ಮೊರಿತಾ ಅವರ ಹಾಡು ನನ್ನ ಗಂಟಲದಾಗ ಸಿಕ್ಕೊಂಡು ಸಾಯೂದು ಬ್ಯಾಡ."

ಅದನ್ನು ಪಡೆದರೆ ಅವರು ಇನ್ನು ಹಾಡುವುದಿಲ್ಲ ಎಂದು ನಾನೇ ಒಪ್ಪಿದಂತೆ. ಜೊತೆಗೆ, ವೆಂಕಣ್ಣ ಆ ನೋಟ್‌ಬುಕ್ಕನ್ನು ನನ್ನ ಕೈಯಲ್ಲಿ ಕಂಡರೆ ಮುಗಿಯಿತು, ಬೇರೆ ಯಾರೂ ಏನೂ ಹೇಳಬೇಕಿಲ್ಲ. ಹಾಗೆಂದೆ. ಅಕ್ಕ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪರದೆಯಲ್ಲಿ ಹದಿನಾರು, ಹದಿನೈದು.

ಬಾಗಿಲು ತೆರೆಯಿತು. ಮೂರು ಕಾಗದದ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ವೆಂಕಣ್ಣ ಹೊಸ್ತಿಲಲ್ಲಿ ನಿಂತಿದ್ದರು. ಹೆಂಡತಿಯ ಎರಡು ಕೈಗಳನ್ನು ನೋಡಿದರು, ನೋಟ್‌ಬುಕ್ ನೋಡಿದರು, ನನ್ನ ಜೇಬುಗಳನ್ನು ನೋಡಿದರು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಚೆಲ್ಲಿದ್ದ ಚಹಾವನ್ನು ಕರವಸ್ತ್ರದಿಂದ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ಯಾವಾಗ ಹೇಳಿದ್ರು ಡಾಕ್ಟರು?"

"ಮೂರು ವಾರ ಆತ್ರೀ" ಎಂದರು ಅಕ್ಕ.

"ಮೂರು ವಾರ ನೀ ಒಬ್ಬಾಕೀನ ಹೊತಗೊಂಡು ತಿರಗೀದಿ." ಬೈಗುಳದಂತೆ ಶುರುವಾದ ಮಾತು ಹಾಗೆ ಮುಗಿಯಲಿಲ್ಲ. ವೆಂಕಣ್ಣ ಹೆಂಡತಿಯ ಪಕ್ಕದಲ್ಲಿ ಕೂತರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ತಗೋಪಾ. ಅಕಿ ಕೈ ನೋಯ್ತಾವ. ಎರಡೂ ಕೈಲೆ ತಗೋ."

ತೆಗೆದುಕೊಂಡೆ. ಉಳಿದ ಹನ್ನೊಂದು ನಿಮಿಷದಲ್ಲಿ ಆ ಹಾಡನ್ನು ಎರಡು ಸಲ ಹಾಡಿದೆ. ಮೊದಲ ಸಲ ಕೆಂಪು ಚುಕ್ಕೆಗಳನ್ನೆಲ್ಲ ದಾಟಿಕೊಂಡು ಓಡಿದೆ. ಅಕ್ಕ ಬೆರಳಿನಿಂದ ಮೇಜು ಕುಟ್ಟಿದರು. ಎರಡನೇ ಸಲ ಕುಟ್ಟಲಿಲ್ಲ.

ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ವರದಿ ಬಂತು. ಧ್ವನಿ ಮಾತ್ರ ಬರಲಿಲ್ಲ. ಬರಿಯ ಗಾಳಿ. ನಾನು ಫೋನ್ ಮಾಡಿದರೆ ವೆಂಕಣ್ಣ ಮಾತಾಡುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು ಬೆರಳಿನಿಂದ ಫೋನ್ ಕುಟ್ಟುತ್ತಿದ್ದರು, ಹೌದಿಗೆ ಒಂದು ಸಲ, ಅಲ್ಲಕ್ಕೆ ಎರಡು ಸಲ. ಕೆಲಸಕ್ಕೆ ಅವರು ಮರಳಲಿಲ್ಲ. ಉಕ್ಕಿನ ಕಡ್ಡಿ ನಮ್ಮ ಸದ್ದಿನ ಕೋಣೆಯ ಮೊಳೆಗೆ ನೇತಾಡುತ್ತಲೇ ಇತ್ತು. ಹಸಿರು ದೀಪ ಹತ್ತಿದ ಮೇಲೂ ನಾನು ಒಮ್ಮೆ ಅದಕ್ಕೆ ಕಿವಿ ಕೊಡುತ್ತಿದ್ದೆ, ಈಗಲೂ ಕೊಡುತ್ತೇನೆ.

ಎಂಟು ತಿಂಗಳ ನಂತರ ಅವರು ಕೊವೆಂಟ್ರಿಯ ಮನೆ ಬಿಟ್ಟು, ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಮಗಳ ಮನೆ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು. ಹೊರಡುವ ಮುಂಚಿನ ಶನಿವಾರ ಆರನೇ ಕೋಣೆಯನ್ನು ನಾನೇ ಕಾದಿರಿಸಿದೆ. ಅದೇ ಮೂವರು. ಅಕ್ಕ ಕೋಟು ಕೂಡ ಬಿಚ್ಚದೆ ಮೂಲೆಯಲ್ಲಿ ಕೂತರು. ನಾನು ಹಾಡಿನ ನಂಬರ್ ಒತ್ತಿದೆ. ಗಿಟಾರು ಶುರುವಾಗುವಷ್ಟರಲ್ಲಿ ಅಕ್ಕ ಕೈ ಎತ್ತಿದರು. ವೆಂಕಣ್ಣ ಯಂತ್ರ ನಿಲ್ಲಿಸಿದರು.

"ತಮ್ಮಾ" ಎಂದರು ಅಕ್ಕ. ಇಷ್ಟು ತಿಂಗಳ ಮೇಲೆ ಮರಳಿದ್ದ ಒರಟಾದ, ಗಂಡಸಿನದೆನ್ನಬಹುದಾದ ದನಿ, ಆದರೂ ದನಿ. "ನಿನ್ನ ಹಾಡು. ಒಮ್ಮೆ ನಾ ಹಾಡ್ಲೇನು?"

ನಿಮ್ಮದೇ ಅಲ್ಲವೇ ಅಕ್ಕಾ ಎಂದೆ.

"ಅಲ್ಲ. ಕೊಟ್ಟೀನಿ. ಕೇಳಿದ್ದಕ್ಕ ಹೂಂ ಅನ್ನು, ಇಲ್ಲಾ ಊಹೂಂ ಅನ್ನು."

ಹೂಂ ಅಂದೆ. ವೆಂಕಣ್ಣ ಯಂತ್ರದಲ್ಲಿ ಶ್ರುತಿಯನ್ನು ನಾಲ್ಕು ಮೆಟ್ಟಿಲು ಕೆಳಗಿಳಿಸಿದರು. ಸರೋಜಕ್ಕ ಬಗ್ಗಿ ಶೂ ಬಿಚ್ಚಿ, ಗೋಡೆಗೆ ಒರಗಿಸಿಟ್ಟರು.